ಸಿದ್ದಾಪುರ ಎಂಬ ನಕ್ಷತ್ರ: ನಕ್ಷೆಯೂ ಕಾರ್ಡೂ ಸೇರಿದ ಬಾಹ್ಯಾಕಾಶ ಆಟ ನಡೆಯುವುದು ಹೀಗೆ

ಮೊಬೈಲ್ ಪರದೆಯ ಮೇಲೆ ಒಂದು ಬಾಹ್ಯಾಕಾಶದ ನಕ್ಷೆ. ಹತ್ತಾರು ನಕ್ಷತ್ರ, ಅವುಗಳ ನಡುವೆ ದಾರಿಯ ಗೆರೆ, ಆ ದಾರಿ ಹಿಡಿದು ಹೊರಟ ಹಡಗುಗಳು. ಪರದೆಯ ಕೆಳಗೆ ನಾಲ್ಕೈದು ಕಾರ್ಡು. ಮನೆಯ ಹಿರಿಯರು ಬಗ್ಗಿ ನೋಡಿ, "ಇದು ಯುದ್ಧದ ಆಟವೋ, ಇಸ್ಪೀಟೋ?" ಎಂದು ಕೇಳುವುದುಂಟು. ಸರಿಯಾದ ಪ್ರಶ್ನೆಯೇ. ಇದು ಎರಡೂ ಹೌದು. ಜೊತೆಗೆ ಮೂರನೆಯದೂ ಒಂದಿದೆ, ಕಾರ್ಡು ಕೂಡಿಡುವ ಹವ್ಯಾಸ. ಈ ಮೂರನ್ನು ಬಿಡಿಸಿ ನೋಡಿದರೆ ಆಟ ಸಲೀಸಾಗಿ ಅರ್ಥವಾಗುತ್ತದೆ. ಒಟ್ಟಿಗೇ ನೋಡಿದರೆ ತಲೆ ಕೆಡುತ್ತದೆ, ಕೆಲವೊಮ್ಮೆ ದುಡ್ಡೂ ಹೋಗುತ್ತದೆ.

ಮೊದಲೆರಡೂ ಇವತ್ತಿನ ರೂಪ ಪಡೆದದ್ದು ಒಂದೇ ವರ್ಷ, 1993ರಲ್ಲಿ. ಆ ವರ್ಷ 'ಮಾಸ್ಟರ್ ಆಫ್ ಓರಿಯನ್' ಎಂಬ ಕಂಪ್ಯೂಟರ್ ಆಟ ಬಂತು. ಅದನ್ನು ಓದುಗರಿಗೆ ಪರಿಚಯಿಸುತ್ತ ಆಲನ್ ಎಮ್ರಿಚ್ ಎಂಬ ಅಮೆರಿಕದ ಬರಹಗಾರರು ಇಂಥ ಆಟದಲ್ಲಿ ನಾಲ್ಕು ಕೆಲಸ ಇರುತ್ತದೆ ಎಂದರು. ಹೊಸ ಜಾಗ ಹುಡುಕುವುದು, ಅಲ್ಲಿಗೆ ಹರಡಿಕೊಳ್ಳುವುದು, ಅಲ್ಲಿರುವುದನ್ನು ಬಳಸಿಕೊಳ್ಳುವುದು, ಎದುರಾಳಿಯನ್ನು ಇಲ್ಲವಾಗಿಸುವುದು. ಈ ನಾಲ್ಕು ಕೆಲಸಗಳ ಇಂಗ್ಲಿಷ್ ಹೆಸರೂ 'ಎಕ್ಸ್' ಎಂದೇ ಶುರುವಾಗುವುದರಿಂದ ಈ ಜಾತಿಯ ಆಟಗಳಿಗೆ ಇವತ್ತಿಗೂ 'ಫೋರ್ ಎಕ್ಸ್' ಎಂಬ ಹೆಸರೇ ಇದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಗಣಿತದ ವಿದ್ವಾಂಸ ರಿಚರ್ಡ್ ಗಾರ್ಫೀಲ್ಡ್ ಅವರ 'ಮ್ಯಾಜಿಕ್: ದ ಗ್ಯಾದರಿಂಗ್' ಮಾರುಕಟ್ಟೆಗೆ ಬಂತು. ಕಾರ್ಡು ಸಂಗ್ರಹಿಸುತ್ತ ಆಡುವ ಆಟಗಳೆಲ್ಲ ಶುರುವಾದದ್ದು ಅಲ್ಲಿಂದ.

ಕೊಡಗಿನಲ್ಲಿ ರಮ್ಮಿ ಗೊತ್ತಿಲ್ಲದ ಮನೆ ಕಡಿಮೆ. ಹಾಗಾಗಿ ರಮ್ಮಿಯಿಂದಲೇ ವ್ಯತ್ಯಾಸ ಹೇಳುತ್ತೇನೆ. ರಮ್ಮಿಯಲ್ಲಿ ಎಲ್ಲರಿಗೂ ಕಟ್ಟು ಒಂದೇ. ಯಾವ ಎಲೆ ಇದೆ, ಎಷ್ಟಿದೆ ಎಂಬುದು ಕೂತವರಿಗೆಲ್ಲ ಗೊತ್ತು. ಗಾರ್ಫೀಲ್ಡ್ ಅವರ ಆಟದಲ್ಲಿ ನಿಮ್ಮ ಕಟ್ಟನ್ನು ನೀವೇ ಕಟ್ಟಿಕೊಂಡು ಬರುತ್ತೀರಿ. ಸಾವಿರಾರು ಕಾರ್ಡುಗಳಲ್ಲಿ ನಿಮಗೆ ಬೇಕಾದ 60 ಆರಿಸಿ ಜೋಡಿಸುತ್ತೀರಿ. ಎದುರಾಳಿಯೂ ಹಾಗೇ ಮಾಡಿರುತ್ತಾನೆ. ಅಂದರೆ ಮೊದಲ ಎಲೆ ಎಳೆಯುವ ಮುಂಚೆಯೇ ಅರ್ಧ ಆಟ ಆಗಿಹೋಗಿರುತ್ತದೆ. ಈ ಜೋಡಿಸಿದ ಕಟ್ಟಿಗೆ ಆಡುವವರು 'ಡೆಕ್' ಎನ್ನುತ್ತಾರೆ.

ಎರಡಕ್ಕೂ ಒಂದೊಂದು ಕೊರತೆ ಇತ್ತು. ನಕ್ಷೆಯ ಆಟದಲ್ಲಿ ಎರಡು ಊರು ಜಾಸ್ತಿ ಹಿಡಿದವನಿಗೆ ಆದಾಯ ಜಾಸ್ತಿ. ಆದಾಯ ಜಾಸ್ತಿಯಾದರೆ ಹಡಗು ಜಾಸ್ತಿ. ಹಡಗು ಜಾಸ್ತಿಯಾದರೆ ಇನ್ನೆರಡು ಊರು. ಆಟದ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ಯಾರು ಗೆಲ್ಲುತ್ತಾರೆಂದು ಇಬ್ಬರಿಗೂ ಗೊತ್ತಾಗುತ್ತದೆ. ಉಳಿದ ಹೊತ್ತು ಸುಮ್ನೆ ಆಡಿ ಮುಗಿಸಬೇಕು. ಕಾರ್ಡಿನ ಆಟದ್ದು ಬೇರೆ ತೊಂದರೆ. 'ಮ್ಯಾಜಿಕ್'ನಲ್ಲಿ ಕಾರ್ಡು ಆಡಲು ಬೇಕಾದ ಶಕ್ತಿಯೂ ಕಾರ್ಡಿನಿಂದಲೇ ಬರಬೇಕು. ಶಕ್ತಿ ಕೊಡುವ ಕಾರ್ಡೇ ಬರದಿದ್ದರೆ ಕೈತುಂಬ ಒಳ್ಳೆಯ ಎಲೆ ಇಟ್ಟುಕೊಂಡು ಸೋಲಬೇಕು. 2014ರಲ್ಲಿ ಬಂದ 'ಹಾರ್ತ್‌ಸ್ಟೋನ್' ಎಂಬ ಆನ್‌ಲೈನ್ ಕಾರ್ಡಿನ ಆಟ ಇದಕ್ಕೆ ಒಂದು ಪರಿಹಾರ ಕಂಡುಕೊಂಡಿತು. ಪ್ರತಿ ಸರದಿಗೂ ಶಕ್ತಿ ತಾನಾಗಿಯೇ ಒಂದೊಂದು ಏರುತ್ತದೆ, 10ಕ್ಕೆ ನಿಲ್ಲುತ್ತದೆ.

ಬಾಹ್ಯಾಕಾಶದ ಬೆರಕೆ ಆಟದ ದಾರಿ ಇನ್ನೊಂದು. ಇಲ್ಲಿ ಶಕ್ತಿ ಬರುವುದು ನೀವು ಹಿಡಿದ ನಕ್ಷತ್ರಗಳಿಂದ. ಎಲೆ ಕೆಟ್ಟದ್ದು ಬಂದರೂ ನೆಲ ಇದ್ದರೆ ಬದುಕಬಹುದು. ನೆಲ ಕಡಿಮೆ ಇದ್ದರೂ ಸರಿಯಾದ ಹೊತ್ತಿಗೆ ಸರಿಯಾದ ಎಲೆ ಇದ್ದರೆ ತಿರುಗಿ ಬೀಳಬಹುದು. ನಕ್ಷೆಯ ಕೊರತೆಯನ್ನು ಕಾರ್ಡು ತುಂಬುತ್ತದೆ, ಕಾರ್ಡಿನ ಕೊರತೆಯನ್ನು ನಕ್ಷೆ. ಈ ಆಟಗಳ ಮೇಲೆ ನನಗೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಬಾಯಲ್ಲಿ ಹೇಳಿದರೆ ಇದು ಪೂರ್ತಿ ತಿಳಿಯುವುದಿಲ್ಲ. ಕರೆಂಟ್ ಹೋದ ಸಂಜೆ ಅಣ್ಣನ ಮಗಳಿಗೆ ಕಲಿಸಿದ ಹಾಗೆ ಇಲ್ಲೂ ಕಾಗದದ ಮೇಲೆ ಆಡಿ ತೋರಿಸುತ್ತೇನೆ. ಒಂದು ಹಾಳೆ ತೆಗೆದುಕೊಳ್ಳಿ. ಐದು ಚುಕ್ಕಿ ಇಡಿ. ಅವೇ ನಕ್ಷತ್ರಗಳು. ಹೆಸರು ನಮ್ಮ ಊರುಗಳದ್ದೇ ಇರಲಿ: ಕುಶಾಲನಗರ, ಮಡಿಕೇರಿ, ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪ. ರಸ್ತೆ ಇರುವಲ್ಲಿ ಗೆರೆ ಎಳೆಯಿರಿ. ಸಿದ್ದಾಪುರ ನಡುವೆ ಬರುತ್ತದೆ, ಉಳಿದ ನಾಲ್ಕು ಕಡೆಗೂ ಅಲ್ಲಿಂದ ದಾರಿ. ಕುಶಾಲನಗರದಿಂದ ಮಡಿಕೇರಿಗೆ, ಮಡಿಕೇರಿಯಿಂದ ವಿರಾಜಪೇಟೆಗೆ ಇನ್ನೊಂದು ದಾರಿ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೂ ಒಂದು ಗೆರೆ. ನನ್ನ ಹಡಗುಗಳು ಕಾಫಿ ಬೀಜ, ಅವಳದ್ದು ಕರಿಮೆಣಸಿನ ಕಾಳು. ನನ್ನ ಮನೆ ಕುಶಾಲನಗರ, ಅವಳ ಮನೆ ವಿರಾಜಪೇಟೆ. ಮನೆ ಕಳೆದುಕೊಂಡವರು ಸೋತರು.

ಪ್ರತಿ ಸರದಿಗೂ ಒಂದೊಂದು ನಕ್ಷತ್ರ 1 ಶಕ್ತಿ ಕೊಡುತ್ತದೆ. ಸಿದ್ದಾಪುರ ಮಾತ್ರ 2. ಖರ್ಚು ಮಾಡದ ಶಕ್ತಿ ಮುಂದಿನ ಸರದಿಗೆ ಉಳಿಯುತ್ತದೆ. ಹಡಗು ಒಂದು ಸರದಿಗೆ ಒಂದು ಗೆರೆ ದಾಟಬಹುದು. ಹೋರಾಟದಲ್ಲಿ ಸಂಖ್ಯೆ ಜಾಸ್ತಿ ಇದ್ದವರು ಗೆದ್ದರು, ಸಮವಾದರೆ ಅಲ್ಲಿ ಮೊದಲಿದ್ದವರದ್ದೇ ಜಾಗ. ಇನ್ನೊಂದು ಮುಖ್ಯ ನಿಯಮ ಏನೆಂದರೆ, ಇಬ್ಬರೂ ತಮ್ಮ ಆದೇಶವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಒಟ್ಟಿಗೇ ತೆರೆಯಬೇಕು.

ಈಗ ಆಟದ ನಡುವಿನ ಒಂದು ಸರದಿ ನೋಡೋಣ. ಸಿದ್ದಾಪುರದಲ್ಲಿ ನನ್ನ 3 ಕಾಫಿ ಬೀಜ, ಕುಶಾಲನಗರದಲ್ಲಿ 1. ವಿರಾಜಪೇಟೆಯಲ್ಲಿ ಅವಳ 4 ಮೆಣಸಿನ ಕಾಳು. ಗೋಣಿಕೊಪ್ಪ ಅವಳದ್ದೇ. ಮಡಿಕೇರಿ ಇನ್ನೂ ಯಾರದ್ದೂ ಅಲ್ಲ. ಇಬ್ಬರ ಹತ್ತಿರವೂ 3 ಶಕ್ತಿ ಇದೆ.

ಕಾರ್ಡೇ ಇಲ್ಲದಿದ್ದರೆ ಇದರಲ್ಲಿ ಯೋಚಿಸುವುದು ಜಾಸ್ತಿ ಇಲ್ಲ. ಅವಳು 4 ಹಡಗು ತಂದು ಸಿದ್ದಾಪುರ ಹಿಡಿಯುತ್ತಾಳೆ. ಅಲ್ಲಿಂದ ಮುಂದೆ ಸರದಿಗೆ ಅವಳಿಗೆ 4 ಶಕ್ತಿ, ನನಗೆ 1. ಆಟ ಅಲ್ಲಿಗೆ ತೀರ್ಮಾನವಾದಂತೆಯೇ.

ಕಾರ್ಡು ಕೈಗೆ ಬಂದಾಗ ಇದೇ ಚಿತ್ರ ಬೇರೆಯಾಗುತ್ತದೆ. ನನ್ನ ಕೈಯಲ್ಲಿ 'ಹೊಂಚು' ಎಂಬ ಕಾರ್ಡಿದೆ. ಬೆಲೆ 2 ಶಕ್ತಿ. ನಿಂತ ಜಾಗ ಕಾಯುವ ಹಡಗುಗಳಿಗೆ 2 ಬಲ ಸೇರುತ್ತದೆ. ಅಂದರೆ ಸಿದ್ದಾಪುರದಲ್ಲಿ ನನ್ನ 3 ಈಗ 5. ಅವಳು 4 ತಂದರೆ ಸೋಲುತ್ತಾಳೆ. ಹಾಗಾದರೆ ನಿಶ್ಚಿಂತೆ, ಅಲ್ವಾ? ಅಲ್ಲ. ಅವಳ ಡೆಕ್‌ನಲ್ಲಿ 'ಒಳದಾರಿ' ಎಂಬ ಕಾರ್ಡಿದೆ. ಬೆಲೆ 3. ಒಂದೇ ಸರದಿಯಲ್ಲಿ ಎರಡು ಗೆರೆ ದಾಟಬಹುದು. ವಿರಾಜಪೇಟೆಯಿಂದ ಮಡಿಕೇರಿ ಮೇಲೆ ಹಾದು 4 ಹಡಗು ನೇರ ಕುಶಾಲನಗರಕ್ಕೆ ಬಂದರೆ ಅಲ್ಲಿ ನನ್ನದು 1. ಸಿದ್ದಾಪುರದಲ್ಲಿ ಹೊಂಚು ಹಾಕಿ ಕೂತ ನಾನು ಮನೆ ಕಳೆದುಕೊಳ್ಳುತ್ತೇನೆ.

ಹಾಗಾದರೆ ಆ ಕಾರ್ಡು ಈಗ ಅವಳ ಕೈಯಲ್ಲಿದೆಯೇ? ಇಲ್ಲಿ ಲೆಕ್ಕ ಸಹಾಯಕ್ಕೆ ಬರುತ್ತದೆ. ಅವಳ ಡೆಕ್ 20 ಕಾರ್ಡಿನದು. ಒಂದೇ ಕಾರ್ಡಿನ ಎರಡಕ್ಕಿಂತ ಜಾಸ್ತಿ ಪ್ರತಿಗಳನ್ನು ಇಡುವಂತಿಲ್ಲ. ಇಲ್ಲಿಯವರೆಗೆ ಅವಳು 5 ಆಡಿದ್ದಾಳೆ, ಅದರಲ್ಲಿ ಒಂದು ಒಳದಾರಿ. ನಾನು ನೋಡದೇ ಇರುವುದು 15 ಕಾರ್ಡು. ಅದರಲ್ಲಿ 3 ಅವಳ ಕೈಯಲ್ಲಿ, 12 ಇನ್ನೂ ಕಟ್ಟಿನಲ್ಲಿ. ಅವಳು ಎರಡನ್ನೂ ಇಟ್ಟಿದ್ದಾಳೆ ಎಂದುಕೊಂಡರೆ ಎರಡನೇ ಒಳದಾರಿ ಆ 15ರಲ್ಲಿ ಎಲ್ಲೋ ಇದೆ. ಅದು ಕೈಯಲ್ಲಿರುವ ಸಾಧ್ಯತೆ 15ಕ್ಕೆ 3, ಅಂದರೆ ಐದರಲ್ಲಿ ಒಂದು. ರಮ್ಮಿಯಲ್ಲಿ ಬಿದ್ದ ಎಲೆ ಲೆಕ್ಕ ಇಡುವವರಿಗೆ ಇದು ಬೆರಳೆಣಿಕೆಯ ಕೆಲಸ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹೋದ ಸರದಿಯಲ್ಲಿ ಅವಳು ಒಂದು ಶಕ್ತಿಯನ್ನು ಖರ್ಚು ಮಾಡದೆ ಉಳಿಸಿಕೊಂಡಿದ್ದಳು. ಅದಕ್ಕೇ ಈಗ ಅವಳ ಹತ್ತಿರ ಸರಿಯಾಗಿ 3 ಇದೆ. ಒಳದಾರಿಯ ಬೆಲೆಯೂ 3. ಇದು ಗೊತ್ತಾದ ಮೇಲೆ ಐದರಲ್ಲಿ ಒಂದು ಎಂಬ ಲೆಕ್ಕ ಹಾಗೇ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಏರುತ್ತದೆ. ಎಷ್ಟು ಏರುತ್ತದೆ ಎಂಬುದು ಎದುರಿಗೆ ಕೂತವರು ಯಾರು ಎಂಬುದರ ಮೇಲೆ ಹೋಗುತ್ತದೆ.

ನಾನಾದರೆ ಹಿಂದೆ ಸರಿದು ಕುಶಾಲನಗರ ಕಾಯುತ್ತೇನೆ. ಸಿದ್ದಾಪುರ ಹೋದರೆ ಕಷ್ಟಪಟ್ಟಾದರೂ ವಾಪಸ್ ಪಡೆಯಬಹುದು, ಮನೆ ಹೋದರೆ ಆಟವೇ ಇಲ್ಲ. ಇದನ್ನು ಹೇಳಿದಾಗ ಅಣ್ಣನ ಮಗಳು ಕೇಳಿದ ಮಾತು ನನಗೆ ತುಂಬ ಹಿಡಿಸಿತು. "ಚಿಕ್ಕಪ್ಪ, ನೀವು ಹೆದರುತ್ತೀರಿ ಅಂತ ಗೊತ್ತಾದ ಮೇಲೆ ನನಗೆ ಆ ಕಾರ್ಡು ಯಾಕೆ ಬೇಕು? ಶಕ್ತಿ ಉಳಿಸಿಟ್ಟರೆ ಸಾಕಲ್ವಾ?" ಹೌದು, ಸಾಕು. ಕೈಯಲ್ಲಿ ಇಲ್ಲದ ಕಾರ್ಡು ನಕ್ಷೆಯ ಮೇಲೆ ಇರುವ ಹಡಗುಗಳನ್ನು ಓಡಿಸಬಲ್ಲದು. ನಕ್ಷೆ ಮಾತ್ರ ಇದ್ದರೆ ಈ ಬೆದರಿಕೆ ಹುಟ್ಟುವುದಿಲ್ಲ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಾರ್ಡು ಮಾತ್ರ ಇದ್ದರೆ ಬೆದರಿಕೆಗೆ ಒಂದು ಜಾಗ ಇರುವುದಿಲ್ಲ, ಮನೆ ಕಾಯಬೇಕೋ ಸಿದ್ದಾಪುರ ಕಾಯಬೇಕೋ ಎಂಬ ಪ್ರಶ್ನೆ ಏಳುವುದಿಲ್ಲ. ಎರಡೂ ಸೇರಿದಾಗ ಮಾತ್ರ ಇದು ಸಾಧ್ಯ.

ಮೂರನೆಯ ದಾರಿಯೂ ಇದೆ. ನನ್ನ 3 ಹಡಗನ್ನು ವಿರಾಜಪೇಟೆಗೇ ನುಗ್ಗಿಸಬಹುದು. ಅವಳು ಒಳದಾರಿ ಹಿಡಿದು ಹೋಗಿದ್ದರೆ ಅವಳ ಮನೆ ಖಾಲಿ, ಇಬ್ಬರ ಮನೆಯೂ ಒಟ್ಟಿಗೇ ಬಿದ್ದು ಆಟ ಡ್ರಾ. ಅವಳು ಸಿದ್ದಾಪುರದ ಕಡೆ ಹೊರಟಿದ್ದರೆ ನಡುದಾರಿಯಲ್ಲೇ 3ಕ್ಕೆ 4 ಎದುರಾಗಿ ನನ್ನ ಹಡಗು ಹೋದವು. ನಿಂತ ಜಾಗ ಕಾಯುವಾಗ ಮಾತ್ರ ಕೆಲಸ ಮಾಡುವ ಹೊಂಚು ಅಲ್ಲಿ ಉಪಯೋಗಕ್ಕಿಲ್ಲ. ಒಂದೇ ಸರಿಯುತ್ತರ ಎಂಬುದೇ ಇಲ್ಲಿಲ್ಲ.

ಇಂಥ ಬೆರಕೆಯನ್ನು ಆನ್‌ಲೈನ್‌ನಲ್ಲಿ ಮೊದಮೊದಲು ಚೆನ್ನಾಗಿ ಕೂಡಿಸಿದ ಆಟಗಳಲ್ಲಿ 'ಸ್ಟಾರ್ ಚೇಂಬರ್' ಒಂದು. 2000ರ ದಶಕದ ಮೊದಲ ಭಾಗದಲ್ಲಿ ಬಂತು. ಅದನ್ನು ರೂಪಿಸಿದವರು ಪಾಲ್ ಡೆನ್ನನ್. ಬೋರ್ಡ್ ಗೇಮ್ ಆಡುವವರಿಗೆ ಈ ಹೆಸರು ಗೊತ್ತಿರುತ್ತದೆ. 2016ರ 'ಕ್ಲ್ಯಾಂಕ್' ಮತ್ತು 2020ರ 'ಡ್ಯೂನ್: ಇಂಪೀರಿಯಂ' ಕೂಡ ಅವರವೇ, ಎರಡರಲ್ಲೂ ನೆಲ ಮತ್ತು ಕಾರ್ಡಿನ ಕೂಡಾಟವೇ ಮುಖ್ಯ. ಸ್ಟಾರ್ ಚೇಂಬರ್‌ನಲ್ಲಿ ಗೆಲ್ಲಲು ಮೂರು ದಾರಿ ಇತ್ತು. ಸೇನೆ ಒಂದು. ನಕ್ಷತ್ರಲೋಕದ ಸಭೆಯಲ್ಲಿ ಮತ ಗೆಲ್ಲುವ ರಾಜಕೀಯ ಇನ್ನೊಂದು. ಸಂಸ್ಕೃತಿಯ ದಾರಿ ಮೂರನೆಯದು. ಗೆಲುವಿಗೆ ಹಲವು ದಾರಿ ಇದ್ದಾಗ ಹಡಗು ಕಡಿಮೆ ಇರುವವನೂ ಕೊನೆಯವರೆಗೆ ಕುಳಿತು ಆಡುತ್ತಾನೆ. ಇಂಥ ಆಟ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಆನ್‌ಲೈನ್ ಎಂದ ಕೂಡಲೇ ಕೊಡಗಿನವರ ಮೊದಲ ಯೋಚನೆ ನೆಟ್‌ವರ್ಕ್. ಜುಲೈ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುವುದು, ಹಿಂದೆಯೇ ಟವರ್ ನಿಲ್ಲುವುದು ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೊಸತಲ್ಲ. ಗುಂಡು ಹಾರಿಸುವ ಆಟಗಳಿಗೆ ಇದು ದೊಡ್ಡ ತೊಂದರೆ. ಅರ್ಧ ಸೆಕೆಂಡ್ ತಡವಾದರೂ ಸೋಲು. ಸರದಿಯ ಆಟಕ್ಕೆ ಹಾಗಿಲ್ಲ. ನಿಮ್ಮ ಫೋನ್ ಆಟದ ಕಂಪನಿಯ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ಕಳಿಸುವುದು ಒಂದು ಸಣ್ಣ ಆದೇಶ: ಇಷ್ಟು ಹಡಗು, ಈ ನಕ್ಷತ್ರದಿಂದ ಆ ನಕ್ಷತ್ರಕ್ಕೆ, ಈ ಕಾರ್ಡು. ಒಂದು ಫೋಟೋ ಕಳಿಸಲು ಬೇಕಾಗುವ ಡೇಟಾದಲ್ಲಿ ಇಂಥ ಸಾವಿರಾರು ಆದೇಶ ಹೋಗುತ್ತದೆ. ಕೆಲವು ಆಟಗಳಲ್ಲಿ ಒಂದು ಸರದಿಗೆ ಇಡೀ ದಿನದ ಗಡುವು ಇರುತ್ತದೆ. ಬೆಳಿಗ್ಗೆ ಗದ್ದೆಗೆ ಹೋಗುವ ಮುಂಚೆ ಒಂದು ನಡೆ, ಸಂಜೆ ಸಿಗ್ನಲ್ ಸಿಕ್ಕಾಗ ಇನ್ನೊಂದು. ಮಳೆಗಾಲದಲ್ಲಿ ಅಂಥದ್ದನ್ನೇ ಆರಿಸಿ. ನಿಮಿಷದ ಗಡಿಯಾರ ಓಡುವ ಪಂದ್ಯಗಳನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಚೀಟಿ ಒಟ್ಟಿಗೇ ತೆರೆಯುವ ನಿಯಮವನ್ನು ಕಾಪಾಡುವುದೂ ಸರ್ವರೇ. ಸರಿಯಾಗಿ ಕಟ್ಟಿದ ಆಟದಲ್ಲಿ ಎದುರಾಳಿಯ ಕೈಯಲ್ಲಿರುವ ಕಾರ್ಡಿನ ಮಾಹಿತಿ ನಿಮ್ಮ ಫೋನ್‌ಗೆ ಬರುವುದೇ ಇಲ್ಲ. ಕಲಸಿದ ಕಟ್ಟಿನ ಕ್ರಮವೂ ಸರ್ವರ್‌ನಲ್ಲೇ ಉಳಿಯುತ್ತದೆ. ಇಲ್ಲದ ಮಾಹಿತಿಯನ್ನು ಯಾವ ಕಳ್ಳ ಆ್ಯಪ್ ಕೂಡ ಕದಿಯಲಾರದು.

ಡೆಕ್ ಜೋಡಿಸುವಾಗ ಹೊಸಬರಿಗೆ ಒಂದು ಆಸೆ ಇರುತ್ತದೆ. ಒಳ್ಳೆಯ ಕಾರ್ಡೆಲ್ಲ ತುಂಬಿಬಿಡೋಣ ಎಂದು. ಇದು ಬೇಡ. 60 ಕಾರ್ಡಿನ ಡೆಕ್‌ನಲ್ಲಿ ನಿಮಗೆ ಬೇಕಾದ ಕಾರ್ಡು 4 ಇದ್ದರೆ, ಮೊದಲು ಎಳೆಯುವ 7ರಲ್ಲಿ ಅದು ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ 40. ಅದೇ 4 ಕಾರ್ಡು 40ರ ಡೆಕ್‌ನಲ್ಲಿದ್ದರೆ ಸುಮಾರು ಶೇ 55. ನಿಯಮ ಎಷ್ಟು ಕಡಿಮೆ ಬಿಡುತ್ತದೋ ಅಷ್ಟೇ ಇಡಿ. ಒಂದು ಉಪಾಯ ಆರಿಸಿಕೊಳ್ಳಿ, ಅದಕ್ಕೆ ಬೇಡದ್ದನ್ನು ಎಷ್ಟೇ ಚಂದ ಇದ್ದರೂ ತೆಗೆದುಬಿಡಿ.

ಇನ್ನು ಮೂರನೆಯದು, ಕೂಡಿಡುವುದು. ಮನೆಯವರು ಪೂರ್ತಿ ತಿಳಿದುಕೊಳ್ಳಲೇಬೇಕಾದ ಭಾಗ ಇದು.

ಕಂಪನಿ ಕಾರ್ಡನ್ನು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಮಾರುವುದಿಲ್ಲ, ಮುಚ್ಚಿದ ಪ್ಯಾಕ್‌ನಲ್ಲಿ ಕೊಡುತ್ತದೆ. 'ಮ್ಯಾಜಿಕ್'ನ ಹಳೆಯ ಪ್ಯಾಕ್‌ನಲ್ಲಿ 15 ಕಾರ್ಡು, ಅದರಲ್ಲಿ ಅಪರೂಪದ್ದು ಒಂದು. ಆನ್‌ಲೈನ್ ಆಟಗಳೂ ಇದೇ ಪದ್ಧತಿ ಹಿಡಿದವು. ಈಗ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಆಟದಲ್ಲಿ 50 ಬಗೆಯ ಅಪರೂಪದ ಕಾರ್ಡಿದೆ ಎಂದುಕೊಳ್ಳಿ. ಪ್ಯಾಕಿಗೆ ಒಂದು, 50ರಲ್ಲಿ ಯಾವುದಾದರೂ ಬರಬಹುದು. ಮೊದಲ 25 ಬಗೆ ಕೂಡಿಸಲು ಸರಾಸರಿ 34 ಪ್ಯಾಕ್ ಸಾಕು. ಅರ್ಧ ದಾರಿ ಇಷ್ಟು ಬೇಗ ಬಂತು ಎಂದು ಖುಷಿಯಾಗುತ್ತದೆ. ಪೂರ್ತಿ 50 ಕೂಡಿಸಲು? ಸರಾಸರಿ 225 ಪ್ಯಾಕ್. ಅದರಲ್ಲಿ ಕೊನೆಯ ಐದು ಬಗೆಗೇ ಸುಮಾರು 114 ಬೇಕು. ಕಟ್ಟಕಡೆಯ ಒಂದಕ್ಕೇ 50. ಪ್ಯಾಕಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 22,500 ರೂಪಾಯಿ.

"ಇನ್ನೊಂದೇ ಬಾಕಿ, ಒಂದು ಪ್ಯಾಕ್ ತೆಗೆದರೆ ಸಿಗಬಹುದು" ಎಂದು ಮಕ್ಕಳು ಕೇಳಿದಾಗ ಈ ಲೆಕ್ಕ ನೆನಪಿರಲಿ. ಆ ಒಂದಕ್ಕಾಗಿ 50 ಪ್ಯಾಕ್ ತೆಗೆದ ಮೇಲೂ ಅದು ಸಿಗದೇ ಇರುವ ಸಾಧ್ಯತೆ ಶೇ 36. ಹಿಂದಿನ 49 ಪ್ಯಾಕ್‌ನಲ್ಲಿ ಬರಲಿಲ್ಲ ಎಂಬುದನ್ನು ಐವತ್ತನೆಯ ಪ್ಯಾಕ್ ತಿಳಿದಿರುವುದಿಲ್ಲ. ಇಷ್ಟು ಪ್ಯಾಕ್ ಆದ ಮೇಲೆ ಖಂಡಿತ ಕೊಡುತ್ತೇವೆ ಎಂದು ಕೆಲವು ಆಟಗಳು ನಿಯಮ ಇಟ್ಟಿವೆ. ಹಾರ್ತ್‌ಸ್ಟೋನ್‌ನಲ್ಲಿ ಬೇಡದ ಕಾರ್ಡು ಕರಗಿಸಿ ಬೇಕಾದ್ದು ಮಾಡಿಕೊಳ್ಳುವ ದಾರಿಯಿದೆ. ಆದರೆ ಅತಿ ಅಪರೂಪದ ಒಂದು ಕಾರ್ಡಿಗೆ ಅದೇ ದರ್ಜೆಯ ನಾಲ್ಕನ್ನು ಕರಗಿಸಬೇಕು.

ಸರ್ಕಾರಗಳೂ ಇದನ್ನು ಗಮನಿಸಿವೆ. ಇಂಥ ಪ್ಯಾಕ್‌ಗಳಲ್ಲಿ ಏನು ಸಿಗುವ ಸಾಧ್ಯತೆ ಎಷ್ಟು ಎಂದು ಹೇಳಲೇಬೇಕೆಂದು ಚೀನಾ 2017ರಲ್ಲಿ ನಿಯಮ ತಂದಿತು. ದುಡ್ಡು ಕೊಟ್ಟು ತೆಗೆಯುವ ಇಂಥ ಪೆಟ್ಟಿಗೆಗಳು ಜೂಜಿಗೆ ಸಮ ಎಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಹೇಳಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ದುಡ್ಡಿನ ಆನ್‌ಲೈನ್ ರಮ್ಮಿ ನಿಂತದ್ದು ಅದರಿಂದಲೇ. ಕಾರ್ಡು ಪ್ಯಾಕ್‌ನಲ್ಲಿ ಗೆದ್ದ ದುಡ್ಡು ಎಂಬುದು ಇರುವುದಿಲ್ಲ, ಕಾರ್ಡು ಮಾತ್ರ ಬರುತ್ತದೆ. ಆದರೆ ತೆರೆಯುವಾಗಿನ ಎದೆಬಡಿತ ಎರಡರಲ್ಲೂ ಒಂದೇ. ಅದಕ್ಕೇ ಮಕ್ಕಳ ಫೋನ್‌ನಲ್ಲಿ ಪಾವತಿಯ ಪಿನ್ ದೊಡ್ಡವರ ಹತ್ತಿರವೇ ಇರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ಮಾತು. 1993ರ ಕಾಗದದ ಕಾರ್ಡು ಇವತ್ತಿಗೂ ಯಾರದ್ದೋ ಪೆಟ್ಟಿಗೆಯಲ್ಲಿದೆ, ಆಡಬಹುದು, ಮಾರಬಹುದು. ಆನ್‌ಲೈನ್ ಕಾರ್ಡು ಕಂಪನಿಯ ಸರ್ವರ್‌ನಲ್ಲಿರುವ ಒಂದು ನಮೂದು. ಸ್ಟಾರ್ ಚೇಂಬರ್‌ನ ಸರ್ವರ್ ಮುಚ್ಚಿದಾಗ ಜನ ವರ್ಷಗಟ್ಟಲೆ ಕೂಡಿಸಿದ ಡೆಕ್‌ಗಳೂ ಅದರ ಜೊತೆಗೇ ಹೋದವು.

ಕೂಡಿಡುವ ಗೋಜೇ ಬೇಡ, ಆಟ ಮಾತ್ರ ಸಾಕು ಎನ್ನುವವರಿಗೂ ದಾರಿಗಳಿವೆ. 2014ರ 'ಸ್ಟಾರ್ ರೆಲ್ಮ್ಸ್' ನೋಡಿ. ಕಾಗದದ ಪೆಟ್ಟಿಗೆಯಾಗಿಯೂ ಆ್ಯಪ್ ಆಗಿಯೂ ಸಿಗುತ್ತದೆ. ಇಬ್ಬರಿಗೂ ಒಂದೇ ರೀತಿಯ 10 ಸಣ್ಣ ಕಾರ್ಡು, 50 ಅಂಕದ ಆಯುಸ್ಸು. ನಡುವೆ ಸಾಲಾಗಿ 5 ಕಾರ್ಡು ತೆರೆದಿರುತ್ತದೆ. ಆಟದೊಳಗೇ ಗಳಿಸಿದ ವ್ಯಾಪಾರದ ಅಂಕದಿಂದ ಅವನ್ನು ಕೊಂಡು ಡೆಕ್ ಬೆಳೆಸಬೇಕು. ಪಂದ್ಯ ಮುಗಿದರೆ ಎಲ್ಲ ವಾಪಸ್, ಮುಂದಿನ ಪಂದ್ಯ ಮತ್ತೆ ಅದೇ 10ರಿಂದ. ನಕ್ಷೆ ಇಲ್ಲದಿರುವುದು ಇದರ ಕೊರತೆ. ಆದರೆ ಡೆಕ್ ಎಂದರೇನು, ಬೇಡದ ಕಾರ್ಡನ್ನು ಯಾಕೆ ತೆಗೆದುಹಾಕಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಮೂಲ ಪೆಟ್ಟಿಗೆ ಒಮ್ಮೆ ಕೊಂಡರೆ ಅದರ ಕಾರ್ಡೆಲ್ಲ ಇಬ್ಬರಿಗೂ ಸಮ. ಅಲ್ಲಿ ಸೋತರೆ ನೋಡಬೇಕಾದ್ದು ಕೊಂಡ ಕಾರ್ಡು ತಪ್ಪಿತೋ, ಆಡಿದ ಹೊತ್ತು ತಪ್ಪಿತೋ ಎಂಬುದನ್ನು ಮಾತ್ರ.